ಕಾಣದ ಪರದೆಯ ಅಳತೆ

ಕಣ್ಣಿಗೆ ಕಾಣದ ಪರದೆ ದೊಡ್ಡದಾದರೇನು, ಚಿಕ್ಕದಾದರೇನು ಎಂಬ ಪ್ರಶ್ನೆಯನ್ನು ಡೊಂಬಿವಲಿ ಸ್ಟೇಷನ್ನಿನ ಹೊರಗಣ ಮೊಬೈಲು ಅಂಗಡಿಗಳಲ್ಲಿ ಮಾತ್ರವಲ್ಲ, ಸಾಕಷ್ಟು ವಿದ್ಯಾವಂತರಾದ ಗೃಹಸ್ಥರ ಬಾಯಿಂದಲೂ ಕೇಳಬಹುದಾಗಿದೆ. ಪ್ರಶ್ನೆಯಲ್ಲಿ ದುರುದ್ದೇಶವೇನೂ ಇಲ್ಲ. ಪರದೆಯೆಂಬುದು ನೋಡುವುದಕ್ಕಾಗಿಯೇ ಇರುವ ವಸ್ತುವೆಂದೂ, ನೋಡಲಾರದವರಿಗೆ ಅದು ಇದ್ದೂ ಇಲ್ಲದಂತೆಯೇ ಎಂದೂ, ಆದುದರಿಂದ ಅಂಧರು ಫೋನು ಕೊಳ್ಳುವಾಗ ಗಾತ್ರದ ವಿಚಾರ ಅನಾವಶ್ಯಕವೆಂದೂ ಕಣ್ಣುಳ್ಳ ನಾವು ತರ್ಕಿಸುತ್ತೇವೆ. ಈ ತರ್ಕದ ಮೊದಲನೆಯ ಮೆಟ್ಟಿಲೇ ಸಡಿಲವಾಗಿದೆ. ನಮಗೆ ಚಿತ್ರವಾಗಿರುವ ಪರದೆ ಅಂಧರಿಗೆ ಕ್ಷೇತ್ರವಾಗಿದೆ. ಬೆರಳು ಸಂಚರಿಸಬೇಕಾದ, ಅಂಚುಗಳನ್ನು ಗುರುತಿಟ್ಟುಕೊಳ್ಳಬೇಕಾದ, ಇಂಥ ವಸ್ತು ಇಂಥ ಮೂಲೆಯಲ್ಲಿದೆಯೆಂದು ಸ್ಮರಣೆಯಲ್ಲಿ ಇರಿಸಿಕೊಳ್ಳಬೇಕಾದ ಕ್ಷೇತ್ರ. ಅದರ ಉದ್ದಗಲಗಳು ಅವರಿಗೆ ನಮಗಿಂತ ಹೆಚ್ಚು ಮುಖ್ಯವೆಂದರೂ ಅತಿಶಯವಾಗದು.

ಇದು ಮನಸ್ಸಿಗೆ ಬರಬೇಕಾದರೆ ಸಾಧನ ನಡೆಯುವ ಬಗೆಯನ್ನು ತಿಳಿಯಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಎಂಬುದೂ ಐಫೋನಿನಲ್ಲಿ ವಾಯ್ಸ್‌ಓವರ್ ಎಂಬುದೂ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು. ಇವನ್ನು ಚಾಲೂ ಮಾಡಿದೊಡನೆ ಸ್ಪರ್ಶದ ಅರ್ಥವೇ ಬದಲಾಗುತ್ತದೆ: ಒಮ್ಮೆ ಮುಟ್ಟಿದರೆ ಬೆರಳಿನ ಕೆಳಗೆ ಏನಿದೆಯೆಂಬುದನ್ನು ಫೋನು ಹೇಳುತ್ತದೆಯೇ ಹೊರತು ಆ ಕೆಲಸವನ್ನು ಮಾಡುವುದಿಲ್ಲ, ಎರಡು ಬಾರಿ ತಟ್ಟಿದರೆ ಮಾತ್ರ ಮಾಡುತ್ತದೆ, ಹಾಗೆ ತಟ್ಟುವುದು ಪರದೆಯ ಯಾವ ಭಾಗದಲ್ಲಾದರೂ ಸರಿಯೆ. ಬೇಕಾದುದನ್ನು ಹುಡುಕುವುದಕ್ಕೆ ಎರಡು ಮಾರ್ಗಗಳಿವೆ. ಬೆರಳನ್ನು ಬಲಕ್ಕೆ ಸವರುತ್ತ ಹೋದರೆ ಪರದೆಯಲ್ಲಿರುವ ಅಂಶಗಳು ಒಂದಾದ ಮೇಲೊಂದರಂತೆ ಕ್ರಮವಾಗಿ ಕಿವಿಗೆ ಬರುತ್ತವೆ; ಇದು ಮೊದಲನೆಯದು. ಬೆರಳನ್ನು ಎತ್ತದೆ ಪರದೆಯ ಮೇಲೆ ಎಳೆಯುತ್ತ, ಎಲ್ಲಿ ಏನಿದೆಯೆಂಬುದನ್ನು ಕೇಳುತ್ತ, ನೇರವಾಗಿ ಬೇಕಾದ ಸ್ಥಳಕ್ಕೆ ಹೋಗುವುದು ಎರಡನೆಯದು. ಮೊದಲ ಮಾರ್ಗವನ್ನೇ ಹಿಡಿದವರಿಗೆ ಪರದೆ ಐದು ಇಂಚಿನದಾದರೂ ಹತ್ತು ಇಂಚಿನದಾದರೂ ಭೇದವಿಲ್ಲ. ಇಪ್ಪತ್ತನೆಯ ಅಂಶವನ್ನು ಮುಟ್ಟಲು ಎರಡರಲ್ಲಿಯೂ ಅಷ್ಟೇ ಸಲ ಸವರಬೇಕು. ಎರಡನೆಯ ಮಾರ್ಗದವರಿಗೆ ಗಾತ್ರವೇ ಸರ್ವಸ್ವ. ಪರದೆ ಬೆಳೆದಷ್ಟೂ ಅಂಶಗಳ ನಡುವಣ ಅಂತರ ಹೆಚ್ಚಿ ಬೆರಳು ತಪ್ಪುವುದು ಕಡಿಮೆಯಾಗುತ್ತದೆ, ಆದರೆ ಹುಡುಕಬೇಕಾದ ಬಯಲೂ ಹಿಗ್ಗುತ್ತದೆ. 2012ರಲ್ಲಿ ಬಂದ ಐಫೋನ್ 5ರ ಪರದೆ ಕರ್ಣದ ಅಳತೆಯಲ್ಲಿ 4 ಇಂಚು. ಇಂದಿನ ಹಲವು ದೊಡ್ಡ ಫೋನುಗಳದು 6.7 ಇಂಚು. ಕರ್ಣದಲ್ಲಿ ಭೇದ ಮೂರು ಇಂಚಿಗೂ ಕಡಿಮೆಯೆನಿಸಿದರೂ, ವಿಸ್ತೀರ್ಣವನ್ನು ಲೆಕ್ಕಹಾಕಿದರೆ ಹಳೆಯದು ಸುಮಾರು 7 ಚದರ ಇಂಚು, ಹೊಸದು ಸುಮಾರು 17. ಎಂದರೆ ಬೆರಳಿನ ಸಂಚಾರಭೂಮಿ ಎರಡೂವರೆ ಪಾಲಾಯಿತು.

ಗಾಜಿನ ಫೋನು ಬಂದ ಹೊಸದರಲ್ಲಿ ಅದು ಅಂಧರಿಗೆ ಬಾಗಿಲು ಮುಚ್ಚಿದಂತೆಯೇ ತೋರಿತ್ತು. ಅದಕ್ಕೆ ಹಿಂದೆ ನೋಕಿಯಾ ಫೋನುಗಳಲ್ಲಿ ಉಬ್ಬಿದ ಬಟನ್ನುಗಳಿದ್ದುವು. 5ರ ಅಂಕಿಯ ಮೇಲೆ ಒಂದು ಸಣ್ಣ ಚುಕ್ಕೆಯಿದ್ದು, ಅದನ್ನು ಹೆಬ್ಬೆರಳಿನಿಂದ ಹಿಡಿದರೆ ಮಿಕ್ಕ ಎಂಟು ದಿಕ್ಕುಗಳೂ ತಾವಾಗಿ ತಿಳಿಯುತ್ತಿದ್ದುವು. ಟಾಕ್ಸ್ ಎಂಬ ತಂತ್ರಾಂಶವನ್ನು ಹಾಕಿಸಿಕೊಂಡವರು ಸಂದೇಶಗಳನ್ನೂ ಓದಿಸಿಕೊಳ್ಳುತ್ತಿದ್ದರು. 2007ರ ಐಫೋನಿನ ನುಣುಪಾದ ಗಾಜಿನಲ್ಲಿ ಬೆರಳಿಗೆ ಹಿಡಿಯುವ ಗುರುತೊಂದೂ ಇರಲಿಲ್ಲ. ಈ ಗಂಟನ್ನು ಬಿಡಿಸಿದವರಲ್ಲಿ ಪುಣೆಯಲ್ಲಿ ಹುಟ್ಟಿ, ಗ್ಲಾಕೋಮಾ ವ್ಯಾಧಿಯಿಂದ ಹದಿನಾಲ್ಕನೆಯ ವಯಸ್ಸಿನಲ್ಲಿ ದೃಷ್ಟಿಯನ್ನು ಕಳೆದುಕೊಂಡು, ನಮ್ಮ ಠಾಣೆಗೆ ಬಹುದೂರವಲ್ಲದ ಪವಯಿಯ ಐಐಟಿಯಲ್ಲಿ ಓದಿ, ಮುಂದೆ ಗೂಗಲ್ ಸಂಸ್ಥೆಯನ್ನು ಸೇರಿದ ಟಿ. ವಿ. ರಾಮನ್ ಅವರೊಬ್ಬರು. ಅವರೂ ಅವರ ಸಹೋದ್ಯೋಗಿ ಚಾರ್ಲ್ಸ್ ಚೆನ್ ಅವರೂ ಕೂಡಿ ರೂಪಿಸಿದ ಒಂದು ಉಪಾಯ ನನಗೆ ಬಹಳ ಪ್ರಿಯವಾದದ್ದು. ಅಂಕಿಗಳಿಗೆ ಪರದೆಯ ಮೇಲೆ ನಿಶ್ಚಿತವಾದ ಸ್ಥಾನವನ್ನು ಕೊಡದೆ, ಬೆರಳು ಮೊದಲು ಎಲ್ಲಿ ಸ್ಪರ್ಶಿಸಿತೋ ಅದನ್ನೇ 5 ಎಂದು ಪರಿಗಣಿಸಿ, ಅಲ್ಲಿಂದ ಮೇಲಕ್ಕೆ ಸರಿಸಿದರೆ 2, ಕೆಳಕ್ಕೆ ಸರಿಸಿದರೆ 8, ಮೇಲಿನ ಎಡಮೂಲೆಗಾದರೆ 1 ಎಂದು ಅವರು ವಿಧಿಸಿದರು. ಕಣ್ಣು ಸ್ಥಾನವನ್ನು ಹುಡುಕಬೇಕೆಂಬ ನಿಯಮವನ್ನು ಬಿಟ್ಟು, ಸ್ಥಾನವೇ ಕೈಯ ಬಳಿಗೆ ಬರಬೇಕೆಂಬ ನಿಯಮವನ್ನು ಹಿಡಿದ ಈ ಕಲ್ಪನೆಯಲ್ಲಿ ಪರದೆಯ ಗಾತ್ರದ ತೊಡಕು ಬಹುಮಟ್ಟಿಗೆ ತಾನಾಗಿಯೇ ಕರಗಿಹೋಗುತ್ತದೆ. 2009ರಲ್ಲಿ ಐಫೋನ್ 3ಜಿಎಸ್‌ಗೆ ವಾಯ್ಸ್‌ಓವರ್ ಬಂದಿತು. ಆಂಡ್ರಾಯ್ಡಿಗೆ ಟಾಕ್‌ಬ್ಯಾಕ್ ಬಂದುದೂ ಅದೇ ವರ್ಷ.

ಈಗ ಕಲ್ಯಾಣದಿಂದ ಠಾಣೆಗೆ ದಿನಂಪ್ರತಿ ಕಚೇರಿಗೆ ಹೋಗಿಬರುವ ಒಬ್ಬ ಅಂಧ ನೌಕರನನ್ನು ಕಲ್ಪಿಸಿಕೊಳ್ಳೋಣ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಬಂದಂದಿನಿಂದ ಈ ಊರುಗಳ ಬದುಕೆಲ್ಲ ಹಳಿಯನ್ನು ಅನುಸರಿಸಿಯೇ ಬೆಳೆದಿರುವುದರಿಂದ, ಇಲ್ಲಿಯ ಫೋನಿನ ಪ್ರಶ್ನೆಯೂ ಕೊನೆಗೆ ಲೋಕಲ್ ಟ್ರೈನಿನ ಪ್ರಶ್ನೆಯೇ ಆಗುತ್ತದೆ. ಆತನ ಒಂದು ಕೈಯಲ್ಲಿ ಬಿಳಿಕೋಲು. ಗಾಡಿಯನ್ನೇರಿದ ಬಳಿಕ ಕೋಲನ್ನು ಮಡಿಚಿಟ್ಟರೆ ಆ ಕೈಗೆ ಹಿಡಿಕೆಯೋ ಕಂಬವೋ ಬೇಕು. ಫೋನಿಗೆ ಉಳಿದುದು ಒಂದೇ ಕೈ. ದಿವ್ಯಾಂಗರ ಬೋಗಿ ನಿಲ್ಲುವ ಜಾಗವನ್ನು ತಿಳಿಸುವುದಕ್ಕೆ ಪ್ಲಾಟ್‌ಫಾರ್ಮಿನಲ್ಲಿ ಬೀಪ್ ಎಂದು ಸದ್ದು ಮಾಡುವ ಯಂತ್ರಗಳನ್ನು ಹಲವು ಸ್ಟೇಷನ್ನುಗಳಲ್ಲಿ ಇರಿಸಿದ್ದಾರೆ. ಆ ಸದ್ದನ್ನೂ, ಗಾಡಿ ಬರುವ ಸದ್ದನ್ನೂ, ಎಂ‑ಇಂಡಿಕೇಟರ್ ಎಂಬ ಆ್ಯಪಿನಲ್ಲಿ ಮುಂದಿನ ಗಾಡಿ ಯಾವುದೆಂದು ಓದುವ ಫೋನಿನ ಮಾತನ್ನೂ ಏಕಕಾಲದಲ್ಲಿ ಕೇಳಬೇಕಾದುದರಿಂದ ಇಯರ್‌ಫೋನು ಒಂದು ಕಿವಿಯಲ್ಲಿ ಮಾತ್ರ ಇರಬಲ್ಲುದು. ಇಂಥ ಸನ್ನಿವೇಶದಲ್ಲಿ, ಹಿಡಿದ ಕೈಯ ಹೆಬ್ಬೆರಳೇ ಪರದೆಯ ನಾಲ್ಕು ಮೂಲೆಗಳನ್ನೂ ಮುಟ್ಟುವಂತಿದ್ದರೆ ಮಾತ್ರ ಆ ಫೋನು ಫೋನಾಗಿ ನಡೆಯುತ್ತದೆ. ಮೇಲಿನ ಮೂಲೆ ನಿಲುಕದೆ ಹಿಡಿತವನ್ನು ಜಾರಿಸಿ ಜಾರಿಸಿ ಮುಟ್ಟಬೇಕಾದ ಫೋನು ಡೊಂಬಿವಲಿಯ ಬೆಳಗಿನ ಗರ್ದಿಯಲ್ಲಿ ಕೈಬಿಟ್ಟು ಹಳಿಯ ಪಾಲಾಗುವುದಕ್ಕೆ ಒಂದು ಭುಜದ ತಾಗುವಿಕೆ ಸಾಕು. ಅಂಗಿಯ ಜೇಬಿನಿಂದ ಅರ್ಧ ಹೊರಗೆ ಚಾಚಿಕೊಂಡಿರುವ ಫೋನು ಕಳ್ಳನ ಕಣ್ಣಿಗೆ ಮೊದಲು ಬೀಳುವುದೆಂಬುದನ್ನೂ, ಅದನ್ನು ಕಸಿದುಕೊಂಡವನು ಯಾವ ಕಡೆಗೆ ಓಡಿದನೆಂಬುದು ಅಂಧರಿಗೆ ಗೊತ್ತಾಗಲಾರದೆಂಬುದನ್ನೂ ಇದರೊಡನೆ ಸೇರಿಸಿಕೊಳ್ಳಬೇಕು.

ಒಂದು ಕೈ ಸದಾ ಮೀಸಲೆಂಬ ಸಂಗತಿ ರೈಲಿನಲ್ಲಿ ಮಾತ್ರ ಎದುರಾಗುವುದಲ್ಲ. ನೋಟಿನ ಬೆಲೆಯನ್ನು ಹೇಳುವ ಮಣಿ ಎಂಬ ಆ್ಯಪನ್ನು ರಿಸರ್ವ್ ಬ್ಯಾಂಕು 2020ರ ಜನವರಿ 1ರಂದು ಹೊರತಂದಿತು. 2016ರಿಂದೀಚೆಗೆ ಬಂದ ಹೊಸ ನೋಟುಗಳ ಪೈಕಿ 500 ರೂಪಾಯಿಯದು 150 ಮಿಲಿಮೀಟರ್, 200ರದು 146, 100ರದು 142. ಅಗಲವೆಲ್ಲ 66 ಮಿಲಿಮೀಟರೇ. ಬೆರಳಿನ ಮಡಿಕೆಯಿಂದ ಈ ನಾಲ್ಕು ಮಿಲಿಮೀಟರಿನ ಅಂತರವನ್ನು ಹಿಡಿಯುವುದು ಸುಲಭವಲ್ಲದ ಕಾರಣ ಕ್ಯಾಮೆರಾದ ನೆರವು ಬೇಕಾಯಿತು. ವಾಶಿಯ ಮಾರುಕಟ್ಟೆಯಲ್ಲಿ ತರಕಾರಿಯ ಚಿಲ್ಲರೆಯನ್ನು ಪಡೆದವರು ನೋಟನ್ನು ಒಂದು ಕೈಯಲ್ಲಿ ಹಿಡಿದು, ಫೋನನ್ನು ಇನ್ನೊಂದರಲ್ಲಿ ಅಲುಗದಂತೆ ಮೇಲೆತ್ತಿ ಹಿಡಿಯಬೇಕು. 140 ಗ್ರಾಮಿನ ಫೋನಿಗೂ 240 ಗ್ರಾಮಿನ ಫೋನಿಗೂ ಇರುವ ಭೇದವನ್ನು ಅಲ್ಲಿ ಮಣಿಕಟ್ಟು ಹೇಳುತ್ತದೆ.

ಇಷ್ಟನ್ನು ಓದಿದವರು ಅಂಧರೆಲ್ಲರೂ ಚಿಕ್ಕ ಫೋನನ್ನೇ ಬಯಸುತ್ತಾರೆಂದು ತೀರ್ಮಾನಿಸಿದರೆ ಅದೂ ಅವಸರದ ತೀರ್ಮಾನವೇ. ಬರೆಯುವ ಕೆಲಸ ಹೆಚ್ಚಾಗಿರುವವರನ್ನು ವಿಚಾರಿಸಿದರೆ ಉತ್ತರ ತಿರುಗಿಬೀಳುತ್ತದೆ. ಇಂಗ್ಲಿಷ್ ಕೀಲಿಮಣೆಯ ಮೇಲಿನ ಪಂಕ್ತಿಯಲ್ಲಿ ಹತ್ತು ಅಕ್ಷರ. 4 ಇಂಚಿನ ಪರದೆಯಲ್ಲಿ ಒಂದೊಂದಕ್ಕೂ ದೊರೆಯುವ ಅಗಲ ಸುಮಾರು 5 ಮಿಲಿಮೀಟರ್, 6.7 ಇಂಚಿನದರಲ್ಲಿ ಸುಮಾರು 7. ವಯಸ್ಕರ ಬೆರಳತುದಿಯಾದರೋ ಒಂದು ಸೆಂಟಿಮೀಟರಿಗೂ ಅಗಲವಾದದ್ದು. ಕಣ್ಣುಳ್ಳವರು ಗುರಿಯಿಟ್ಟು ಒತ್ತುತ್ತಾರೆ. ಅಂಧರು ಬೆರಳನ್ನು ಸರಿಸುತ್ತ, ಅಕ್ಷರದ ಹೆಸರನ್ನು ಕೇಳಿ, ಬೇಕಾದುದು ಬಂದಾಗ ಬೆರಳನ್ನು ಎತ್ತುತ್ತಾರೆ. ಎತ್ತುವ ಕ್ಷಣದಲ್ಲಿ ಕೂದಲೆಳೆಯಷ್ಟು ಸರಿದರೂ ಪಕ್ಕದ ಅಕ್ಷರ ಬಿದ್ದಿತೆಂದೇ ಅರ್ಥ. ಕನ್ನಡದಲ್ಲಿ ಅಕ್ಷರಗಳೇ ಹೆಚ್ಚಾಗಿರುವುದರಿಂದ ಕೀಲಿಗಳು ಮತ್ತಷ್ಟು ಇಕ್ಕಟ್ಟಾಗುತ್ತವೆ. ಪತ್ರವ್ಯವಹಾರವನ್ನು ಕನ್ನಡದಲ್ಲಿಯೇ ನಡೆಸಬೇಕೆಂಬ ಸಂಕಲ್ಪವುಳ್ಳ ಅಂಧರಿಗೆ ಆ ಎರಡು ಮಿಲಿಮೀಟರಿನ ಔದಾರ್ಯ ಸಣ್ಣದಲ್ಲ.

ಬ್ರೈಲನ್ನು ಬಲ್ಲವರ ಮಾತು ಇನ್ನೂ ಸ್ವಾರಸ್ಯವಾದದ್ದು. 2014ರಲ್ಲಿ ಐಫೋನಿಗೂ 2020ರಲ್ಲಿ ಟಾಕ್‌ಬ್ಯಾಕಿಗೂ ಬ್ರೈಲ್ ಕೀಲಿಮಣೆ ಸೇರಿತು. ಫೋನನ್ನು ಅಡ್ಡಲಾಗಿ, ಪರದೆ ಎದುರಿನವರ ಕಡೆಗೆ ಮುಖಮಾಡಿರುವಂತೆ ಎರಡು ಅಂಗೈಗಳ ನಡುವೆ ಹಿಡಿದು, ಎರಡೂ ಕೈಗಳ ಮೂರು ಮೂರು ಬೆರಳುಗಳಿಂದ ಗಾಜಿನ ಮೇಲೆಯೇ ಆರು ಚುಕ್ಕೆಗಳನ್ನು ಒತ್ತುತ್ತಾರೆ. ನುರಿತವರ ವೇಗ ನಮ್ಮ ಹೆಬ್ಬೆರಳಿನ ಬರಹವನ್ನು ಹಿಂದೆ ಹಾಕುವಷ್ಟಿರುತ್ತದೆ. ಇಲ್ಲಿ ಆರು ಬೆರಳಿಗೆ ಸ್ಥಳ ಬೇಕು. ಚಿಕ್ಕ ಪರದೆಯಲ್ಲಿ ಬೆರಳುಗಳು ಒಂದನ್ನೊಂದು ಒರೆಸಿಕೊಂಡು ಒಂದು ಚುಕ್ಕೆ ಬಿಟ್ಟುಹೋಗುತ್ತದೆ. ಪರದೆ ಟ್ಯಾಬ್ಲೆಟ್ಟಿನಷ್ಟು ದೊಡ್ಡದಾದರೆ ಹಾಗೆ ಕೈಯಲ್ಲಿ ಹಿಡಿಯುವುದೇ ಅಸಾಧ್ಯ. ಅದನ್ನು ಮೇಜಿನ ಮೇಲೆ ಮಲಗಿಸಿ, ಬೆರಳುಗಳನ್ನು ಹಾಯಾಗಿ ಹರಡಿ ಬರೆಯುವ ಇನ್ನೊಂದು ಕ್ರಮ ಉಂಟು. ಪ್ರಸಂಗವಶಾತ್ ಇದನ್ನೂ ಹೇಳಬಹುದು: ನಮ್ಮ ದೇಶದ ಭಾಷೆಗಳಿಗೆಲ್ಲ ಏಕರೂಪವಾದ ಭಾರತಿ ಬ್ರೈಲ್ 1951ರಲ್ಲಿ ನೆಲೆಗೊಂಡುದರಿಂದ, ಮನೆಯಲ್ಲಿ ಕನ್ನಡವನ್ನೂ ಶಾಲೆಯಲ್ಲಿ ಮರಾಠಿಯನ್ನೂ ಕಲಿತ ಡೊಂಬಿವಲಿಯ ಅಂಧ ಬಾಲಕಿಗೆ ಎರಡರ 'ಕ'ಕಾರವೂ ಅವೇ ಚುಕ್ಕೆಗಳು, ಕಣ್ಣುಳ್ಳ ಮಕ್ಕಳಿಗಿರುವ ಎರಡು ಲಿಪಿಗಳ ಭಾರ ಅವಳಿಗಿಲ್ಲ.

ದೊಡ್ಡ ಫೋನಿನ ಪರವಾಗಿ ಇನ್ನೊಂದು ಮಾತಿದೆ. ದೊಡ್ಡ ಒಡಲಿನಲ್ಲಿ ದೊಡ್ಡ ಬ್ಯಾಟರಿ ಹಿಡಿಯುತ್ತದೆ; ಅದನ್ನು ಹೆಚ್ಚಾಗಿ ಕುಡಿಯುವುದು ಪರದೆಯ ಬೆಳಕು. ಅಂಧರು ಪರದೆಯನ್ನು ಪೂರ್ತಿ ಕಪ್ಪಾಗಿಸಿಕೊಂಡು ಫೋನನ್ನು ನಡೆಸುವ ಅನುಕೂಲವನ್ನು ತಯಾರಕರು ಒದಗಿಸಿದ್ದಾರೆ. ಇದರಿಂದ ಬ್ಯಾಟರಿ ಉಳಿಯುವುದಲ್ಲದೆ, ಪಕ್ಕದಲ್ಲಿ ನಿಂತ ಸಹಪ್ರಯಾಣಿಕ ಇಣುಕಿ ನೋಡಿ ಬ್ಯಾಂಕಿನ ಲೆಕ್ಕವನ್ನು ಓದುವ ಭಯವೂ ತಪ್ಪುತ್ತದೆ.

ಗಾತ್ರದ ಮಾತನ್ನಾಡುವಾಗ ಅಂಚಿನ ಮಾತನ್ನು ಬಿಡಲಾಗದು. ಶಾನ್ ಕೇನ್, ಜೇಕಬ್ ವಾಬ್‌ರಾಕ್, ರಿಚರ್ಡ್ ಲ್ಯಾಡ್ನರ್ ಎಂಬ ಮೂವರು ಅಮೆರಿಕದ ಸಂಶೋಧಕರು 2011ರಲ್ಲಿ ಅಂಧರನ್ನೂ ಕಣ್ಣುಳ್ಳವರನ್ನೂ ಕೂಡಿಸಿಕೊಂಡು, ಟ್ಯಾಬ್ಲೆಟ್ಟಿನ ಮೇಲೆ ಇಂಥ ಕಾರ್ಯಕ್ಕೆ ಎಂಥ ಸಂಜ್ಞೆ ಇರಬೇಕೆಂದು ಕೇಳಿ ಪರೀಕ್ಷಿಸಿದಾಗ, ಅಂಧರ ಒಲವು ಪರದೆಯ ಅಂಚುಗಳನ್ನು ಆಶ್ರಯಿಸಿದ ಸಂಜ್ಞೆಗಳ ಕಡೆಗಿರುವುದು ಕಂಡುಬಂದಿತು. ಅವರು ಎಳೆದ ಗೆರೆಗಳೂ ಇತರರವಕ್ಕಿಂತ ದೊಡ್ಡವಾಗಿದ್ದುವು. ಅಂಚು ಕೈಗೆ ಸಿಗುತ್ತದೆ, ನಡುಭಾಗ ಸಿಗುವುದಿಲ್ಲ ಎಂಬುದೇ ಇದರ ಕಾರಣ. ಆದರೆ ಆ ಬಳಿಕ ಫೋನುಗಳು ಬೆಳೆದುದು ಅಂಚನ್ನು ಅಳಿಸುವ ದಾರಿಯಲ್ಲಿ. ಪರದೆಯ ಸುತ್ತಲಿದ್ದ ಚೌಕಟ್ಟು ಕರಗಿತು. ಕೆಲವದರಲ್ಲಿ ಗಾಜೇ ಪಕ್ಕಕ್ಕೆ ಬಾಗಿ, ಫೋನನ್ನು ಹಿಡಿದ ಅಂಗೈಯೇ ಪರದೆಯನ್ನು ಮುಟ್ಟಿ ಬೇಡದ ಮಾತನ್ನಾಡಿಸತೊಡಗಿತು. ಹಿಂಭಾಗದಲ್ಲೋ ಪಕ್ಕದಲ್ಲೋ ತಗ್ಗಾಗಿದ್ದು ಬೆರಳಿಗೆ ಸಿಗುತ್ತಿದ್ದ, ಬೆರಳಚ್ಚನ್ನು ಗುರುತಿಸುವ ಜಾಗ ಹಲವು ಫೋನುಗಳಲ್ಲಿ ಗಾಜಿನ ಕೆಳಗೆ ಅಡಗಿತು. ಐಫೋನಿನಲ್ಲಿ ದುಂಡನೆಯ ಹೋಮ್ ಬಟನ್ನನ್ನು ಉಳಿಸಿಕೊಂಡಿದ್ದ ಕಡೆಯದು 2022ರ ಎಸ್‌ಇ, 4.7 ಇಂಚಿನದು, 2025ರ ಫೆಬ್ರವರಿಯಲ್ಲಿ ಅದರ ಸ್ಥಾನಕ್ಕೆ 6.1 ಇಂಚಿನ, ಬಟನ್ನಿಲ್ಲದ 16ಇ ಬಂದಿತು. ಅಡಿಗೆಯ ಮನೆಯಲ್ಲಿ ಒಗ್ಗರಣೆಯ ಡಬ್ಬಿಯನ್ನು ನೋಡದೆಯೇ ಸಾಸಿವೆಯ ಬಟ್ಟಲಿಗೆ ಕೈಹಾಕುವ ಗೃಹಿಣಿಯ ಮುಂದೆ, ಹೇಳದೆ ಕೇಳದೆ ಬೇರೆ ಅಳತೆಯ ಡಬ್ಬಿಯನ್ನು ತಂದಿಟ್ಟರೆ ಎಣ್ಣೆ ಕಾಯ್ದಿರುವ ಹೊತ್ತಿನಲ್ಲಿ ಆಕೆಗೆ ಏನಾಗುವುದೋ, ಹಳೆಯ ಫೋನು ಕೆಟ್ಟು ಹೊಸದನ್ನು ಕೊಂಡ ಅಂಧರಿಗೆ ವಾರಗಟ್ಟಲೆ ಆಗುವುದು ಅದೇ. ಅನೇಕರು ತಮ್ಮ ಹಳೆಯ ಫೋನನ್ನು ರಿಪೇರಿ ಮಾಡಿಸಿ ಮಾಡಿಸಿ ಇಟ್ಟುಕೊಳ್ಳುವುದರ ಹಿಂದೆ ಜಿಪುಣತನವಿಲ್ಲ. ಕೈ ಕಲಿತ ಅಳತೆಯನ್ನು ಬಿಡಲಾರದ ನ್ಯಾಯವಾದ ಅನಿಚ್ಛೆಯಿದೆ.

ಇದುವರೆಗೆ ಆಡಿದುದು ದೃಷ್ಟಿ ಸಂಪೂರ್ಣವಾಗಿ ಇಲ್ಲದವರ ಮಾತು. 2016ರ ದಿವ್ಯಾಂಗರ ಹಕ್ಕುಗಳ ಕಾಯಿದೆ ಅಂಧತ್ವವನ್ನೂ ಮಂದದೃಷ್ಟಿಯನ್ನೂ ಬೇರೆ ಬೇರೆಯಾಗಿ ನಿರ್ವಚಿಸಿದೆ. ಮಂದದೃಷ್ಟಿಯಲ್ಲಿಯೂ ಎರಡು ಬಗೆಗಳನ್ನು ಗುರುತಿಸಿದೆ: ನೋಟದ ತೀಕ್ಷ್ಣತೆ ಕುಗ್ಗಿದವರು ಒಂದು, ನೋಟದ ಕ್ಷೇತ್ರವೇ 40 ಡಿಗ್ರಿಯಿಂದ 10 ಡಿಗ್ರಿಯವರೆಗೆ ಕುಗ್ಗಿದವರು ಇನ್ನೊಂದು. ಈ ಭೇದವನ್ನು ಮನಸ್ಸಿಗೆ ತಂದುಕೊಳ್ಳದೆ ಮನೆಯವರು ಪ್ರೀತಿಯಿಂದ ಕೊಡಿಸುವ ದೊಡ್ಡ ಟ್ಯಾಬ್ಲೆಟ್ಟುಗಳು ಎಷ್ಟೋ ಸಲ ಪೆಟ್ಟಿಗೆಯಲ್ಲಿಯೇ ಉಳಿಯುತ್ತವೆ. ತೀಕ್ಷ್ಣತೆ ಕಡಿಮೆಯಾದವರಿಗೆ ದೊಡ್ಡ ಪರದೆಯೇ ಬೇಕು. ಅಕ್ಷರವನ್ನು ನಾಲ್ಕು ಪಾಲು ಹಿಗ್ಗಿಸಿದರೆ ಒಮ್ಮೆಗೆ ಕಾಣುವುದು ಪುಟದ ಹದಿನಾರನೆಯ ಒಂದು ಭಾಗ ಮಾತ್ರ. ಚಿಕ್ಕ ಫೋನಿನಲ್ಲಿ ಆ ಭಾಗ ಎರಡು ಮೂರು ಪದಗಳಿಗೆ ಇಳಿದು, ಸಾಲಿನ ಅಂತ್ಯಕ್ಕೆ ಹೋದವರಿಗೆ ಮುಂದಿನ ಸಾಲಿನ ಆರಂಭವೇ ಸಿಗದಂತಾಗುತ್ತದೆ. ಹತ್ತು ಇಂಚಿನ ಟ್ಯಾಬ್ಲೆಟ್ಟು ಅವರ ಪಾಲಿಗೆ ಪುಸ್ತಕವೇ ಸರಿ. ಆದರೆ ರೆಟಿನೈಟಿಸ್ ಪಿಗ್ಮೆಂಟೋಸಾ ಇಲ್ಲವೆ ಗ್ಲಾಕೋಮಾದಿಂದ ನೋಟದ ಸುತ್ತಳತೆ ಕಿರಿದಾದವರ ಸ್ಥಿತಿ ತದ್ವಿರುದ್ಧ. 10 ಡಿಗ್ರಿಯ ಕ್ಷೇತ್ರವುಳ್ಳ ಕಣ್ಣಿಗೆ ಒಂದಡಿ ದೂರದಲ್ಲಿ ಕಾಣುವುದು ಸುಮಾರು ಐದು ಸೆಂಟಿಮೀಟರ್ ಅಗಲದ ಒಂದು ವರ್ತುಲ. ಫೋನಿನ ಅಗಲದ ಬಹುಭಾಗ ಅದರೊಳಗೆ ಅಡಗುತ್ತದೆ. ಟ್ಯಾಬ್ಲೆಟ್ಟಿನ ಪರದೆಯಲ್ಲಾದರೋ ಆ ವರ್ತುಲ ದಾರಿತಪ್ಪಿ ಅಲೆಯಬೇಕು. ಇಬ್ಬರೂ ಒಂದೇ ವರ್ಗದ ಪ್ರಮಾಣಪತ್ರವನ್ನು ಪಡೆದವರು. ಒಬ್ಬರಿಗೆ ವರವಾದುದು ಇನ್ನೊಬ್ಬರಿಗೆ ಭಾರ.

ದೃಷ್ಟಿ ಪೂರ್ತಿ ಇಲ್ಲದವರಿಗೆ ಟ್ಯಾಬ್ಲೆಟ್ಟಿನಿಂದ ಪ್ರಯೋಜನವೇ ಇಲ್ಲವೆನ್ನುವಂತಿಲ್ಲ. ಕೋಷ್ಟಕ, ಪಂಚಾಂಗದ ಪುಟ, ಅಂಕಪಟ್ಟಿ ಮುಂತಾದ, ಸ್ಥಾನಕ್ಕೆ ಅರ್ಥವಿರುವ ಬರಹಗಳನ್ನು ಬೆರಳಿನಿಂದ ತಿಳಿಯುವ ವಿದ್ಯಾರ್ಥಿಗೆ ಅದು ಉಪಕಾರಿ. ಉಳಿದವರಲ್ಲಿ ಅನೇಕರು ಬೇರೊಂದು ಹಾದಿಯನ್ನು ಹಿಡಿದಿದ್ದಾರೆ: ಸಣ್ಣ ಫೋನು ಚೀಲದಲ್ಲಿ, ಬ್ಲೂಟೂತ್ ಕೀಲಿಮಣೆ ಮಡಿಲಲ್ಲಿ. ಆಗ ಪರದೆಯನ್ನು ಮುಟ್ಟುವ ಅಗತ್ಯವೇ ಬೀಳದು. ನವಿ ಮುಂಬಯಿಯ ಮಹಾಪೆಯಲ್ಲಿ, 1977ರಲ್ಲಿ ಬೆರೋಜ್ ವಾಚಾ ಅವರು ಸ್ಥಾಪಿಸಿದ ಹೆಲೆನ್ ಕೆಲರ್ ಸಂಸ್ಥೆ ಕಿವಿಯೂ ಕಣ್ಣೂ ಇಲ್ಲದ ಮಕ್ಕಳಿಗೆ ವಿದ್ಯೆಯನ್ನು ಕಲಿಸುತ್ತಿದೆ. ಅಂಥವರಿಗೆ ಮಾತನಾಡುವ ಫೋನೂ ಮೂಕವೇ. ಫೋನಿಗೆ ಜೋಡಿಸಿದ ಬ್ರೈಲ್ ಫಲಕದಲ್ಲಿ ಸೂಜಿಯ ಮೊನೆಯಂಥ ಚುಕ್ಕೆಗಳು ಏಳುತ್ತ ಬೀಳುತ್ತ ಸಾಲನ್ನು ಬೆರಳಿಗೆ ಓದಿಸುತ್ತವೆ; ಅಲ್ಲಿ ಗಣನೆಗೆ ಬರುವುದು ಪರದೆಯ ಇಂಚುಗಳಲ್ಲ, ಒಂದು ಸಾಲಿನಲ್ಲಿ ಎಷ್ಟು ಬ್ರೈಲ್ ಅಕ್ಷರಗಳು ಹಿಡಿಯುತ್ತವೆಂಬುದು.

ಗಾತ್ರ ಎಷ್ಟೇ ಒಪ್ಪಿದರೂ, ಆ್ಯಪಿನ ಬಟನ್ನಿಗೆ ಹೆಸರನ್ನೇ ಇಡದೆ ಬಿಟ್ಟರೆ ಫೋನು 'ಬಟನ್, ಬಟನ್' ಎಂದಷ್ಟೇ ಹೇಳಬಲ್ಲುದು. ಆ ದೋಷ ಆ್ಯಪನ್ನು ಬರೆದವರದು. ಬ್ಯಾಂಕುಗಳ ಡಿಜಿಟಲ್ ಗುರುತಿನ ಪರೀಕ್ಷೆಯಂಥ ವ್ಯವಸ್ಥೆಗಳು ದೃಷ್ಟಿಹೀನರಿಗೂ ಎಟುಕುವಂತಿರಬೇಕೆಂದೂ, ಡಿಜಿಟಲ್ ಪ್ರವೇಶವು ಸಂವಿಧಾನದ 21ನೆಯ ವಿಧಿ ಕೊಡುವ ಜೀವಿಸುವ ಹಕ್ಕಿನ ಅಂಗವೆಂದೂ ಸರ್ವೋಚ್ಚ ನ್ಯಾಯಾಲಯ 2025ರ ಏಪ್ರಿಲ್ 30ರಂದು ತೀರ್ಪಿತ್ತಿರುವುದು ದೊಡ್ಡ ಆಸರೆ. ಗಾತ್ರದ ವಿಷಯದಲ್ಲಿ ಅಂಥ ತೀರ್ಪು ಬರುವಂತಿಲ್ಲ. ಮಾರುಕಟ್ಟೆಯು ಸಿನಿಮಾ ನೋಡುವ ಕಣ್ಣನ್ನು ಕೇಳಿ ಆರೂವರೆ ಇಂಚೆಂದು ನಿಶ್ಚಯಿಸಿಬಿಟ್ಟಿದೆ. ಕಡಿಮೆ ಬೆಲೆಯ ಫೋನುಗಳಲ್ಲಿ ಚಿಕ್ಕದೆಂಬುದು ಇಲ್ಲವೇ ಇಲ್ಲವೆನ್ನುವಷ್ಟು ವಿರಳವಾಗಿದೆ. ಇರುವ ಸ್ವಲ್ಪ ಆಯ್ಕೆಯನ್ನಾದರೂ ಕೈಯಲ್ಲಿ ಹಿಡಿದು ನೋಡಿ ಮಾಡುವಂತಿರಬೇಕು. ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಆ ಭಾಗ್ಯವಿಲ್ಲ. ಅಂಗಡಿಗಳಲ್ಲಿ ಎದುರಿಗಿಡುವ ಮಾದರಿ ಫೋನುಗಳು ಎಷ್ಟೋ ವೇಳೆ ಒಳಗೆ ಯಂತ್ರವಿಲ್ಲದ ಪೊಳ್ಳುಗಳು. 1952ರಲ್ಲಿ ಆರಂಭವಾದ, ವರಳಿಯಲ್ಲಿರುವ ರಾಷ್ಟ್ರೀಯ ಅಂಧರ ಸಂಘವೂ, ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 2003ರಿಂದ ನಡೆಯುತ್ತಿರುವ ದೃಷ್ಟಿಹೀನರ ಸಂಪನ್ಮೂಲ ಕೇಂದ್ರವೂ ಮುಂಬಯಿಯಲ್ಲಿವೆ, ನಿಜ. ಆದರೆ ಕಲ್ಯಾಣದಿಂದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ.

ಡೊಂಬಿವಲಿ, ಠಾಣೆ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಸಂಘಗಳು ಈ ಕಾರ್ಯದಲ್ಲಿ ಒಂದು ಪಾಲನ್ನು ಹೊರಬಹುದೆಂಬುದು ನನ್ನ ವಿಜ್ಞಾಪನೆ. ಸದಸ್ಯರ ಮನೆಗಳಲ್ಲಿ ಬಳಕೆ ತಪ್ಪಿ ಬಿದ್ದಿರುವ, ಆದರೆ ಇನ್ನೂ ನಡೆಯುತ್ತಿರುವ ಫೋನುಗಳನ್ನು ಬೇಡಿ ತಂದು, ಐದು ಇಂಚಿನದೊಂದು, ಆರರದೊಂದು, ಆರೂಮುಕ್ಕಾಲಿನದೊಂದು, ಸಾಧ್ಯವಾದರೆ ಎಂಟು ಇಂಚಿನ ಟ್ಯಾಬ್ಲೆಟ್ಟೊಂದು, ಇವಿಷ್ಟನ್ನು ಸಂಘದ ಗ್ರಂಥಾಲಯದ ಒಂದು ಕಪಾಟಿನಲ್ಲಿ ಚಾರ್ಜು ಮಾಡಿಟ್ಟು, ಟಾಕ್‌ಬ್ಯಾಕಿಗೆ ಕನ್ನಡದ ದನಿಯನ್ನು ಹಾಕಿ ಸಿದ್ಧಪಡಿಸಿದರೆ ಸಾಕು. ಬಂದವರು ಮೇಜಿನ ಮುಂದೆ ಕುಳಿತು ಪರೀಕ್ಷಿಸಬಾರದು. ಕೋಲನ್ನು ಒಂದು ಕೈಯಲ್ಲಿ ಹಿಡಿದು ನಿಂತೇ ಪರೀಕ್ಷಿಸಬೇಕು. ಇನ್ನೊಂದು ಕೈಯಿಂದ ಫೋನನ್ನು ಜೇಬಿನಿಂದ ತೆಗೆದು, ನಾಲ್ಕು ಮೂಲೆಗಳನ್ನೂ ಅದೇ ಕೈಯ ಹೆಬ್ಬೆರಳಿನಿಂದ ಮುಟ್ಟಿ, ಮನೆಯವರಿಗೆ ಒಂದು ಕರೆ ಮಾಡಿ, ಬಳಿಕ ಕುಳಿತು ತಮ್ಮ ಹೆಸರನ್ನೂ ಊರನ್ನೂ ಕನ್ನಡದಲ್ಲಿ ಬರೆದು ಓದಿಸಿಕೊಳ್ಳಬೇಕು. ಅಂಗಡಿಯವರೂ ಇಷ್ಟನ್ನು ಮಾಡಲು ಅವಕಾಶವೀಯಬಹುದು. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಧ್ವನಿಯನ್ನು ಏರಿಸುವ ಇಳಿಸುವ ಎರಡು ಬಟನ್ನುಗಳನ್ನೂ ಕೂಡಿಸಿ ಕೆಲವು ಕ್ಷಣ ಒತ್ತಿಹಿಡಿದರೆ ಟಾಕ್‌ಬ್ಯಾಕ್ ಚಾಲೂ ಆಗುತ್ತದೆ, ಹಾಗೆಯೇ ಮತ್ತೊಮ್ಮೆ ಹಿಡಿದರೆ ನಿಲ್ಲುತ್ತದೆ.